ಮಾಸ್ಕೋದ ಗಲ್ಲೆ, ಕಾರವಾರದ ದಕ್ಕೆ

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರಕ್ಕೆ ಸಂಜೆ ಗಾಳಿ ತೆಗೆದುಕೊಳ್ಳಲು ಬರುವವರು ಎರಡು ನಿವೃತ್ತ ಯಂತ್ರಗಳ ಪಕ್ಕದಲ್ಲಿ ಹಾದುಹೋಗುತ್ತಾರೆ. ಒಂದು, 1976ರಲ್ಲಿ ನೌಕಾಪಡೆಗೆ ಸೇರಿ 2005ರಲ್ಲಿ ಸೇವೆ ಮುಗಿಸಿದ ಕ್ಷಿಪಣಿ ದೋಣಿ ಐಎನ್‌ಎಸ್ ಚಪಲ್. ಇನ್ನೊಂದು, 1988ರಿಂದ 2017ರವರೆಗೆ ಹಿಂದೂ ಮಹಾಸಾಗರದ ಮೇಲೆ ಕಣ್ಣಿಟ್ಟಿದ್ದ ಟುಪೊಲೆವ್-142 ಗಸ್ತು ವಿಮಾನ. ಎರಡೂ ಸೋವಿಯತ್ ಒಕ್ಕೂಟದ ಸರಕು. ಬೈತಖೋಲ ಬಂದರು ದಾಟಿ ಅಂಕೋಲೆಯ ಕಡೆಗೆ ಹೊರಟರೆ ಅರ್ಗಾದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಸಿಗುತ್ತದೆ. ಅಲ್ಲಿ ನೆಲೆ ನಿಂತಿರುವ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಮಾದಿತ್ಯ 2014ರ ಜನವರಿಯಲ್ಲಿ ರಷ್ಯಾದಿಂದ ಬಂದದ್ದು. 2025ರ ಫೆಬ್ರುವರಿಯಲ್ಲಿ ಅದೇ ನೆಲೆ ಸೇರಿದ ಐಎನ್‌ಎಸ್ ತುಶಿಲ್ ಕೂಡ ರಷ್ಯಾದಲ್ಲಿ ಕಟ್ಟಿದ್ದು. ಹಡಗು ಬಂದ ದಿನ ಊರಿಗೆಲ್ಲ ತಿಳಿಯುತ್ತದೆ. ಅದನ್ನು ಮಾರಿದವರು ಯಾರು, ಕರಾರಿಗೆ ಸಹಿ ಹಾಕಿದವರು ಯಾರು, ಬಿಡಿಭಾಗ ಬೇಕಾದಾಗ ಯಾರ ಬಾಗಿಲು ತಟ್ಟಬೇಕು ಎಂಬ ವಿಷಯಗಳು ಮಾತ್ರ ಸುದ್ದಿಯ ಕೊನೆಯ ಸಾಲಿನಲ್ಲಿಯೂ ಬರುವುದು ಅಪರೂಪ.

ಮಾರಿದ್ದು ಹಡಗು ಕಟ್ಟಿದ ಕಾರ್ಖಾನೆಯಷ್ಟೇ ಎಂದುಕೊಂಡರೆ ಅರ್ಧ ಚಿತ್ರ ಮಾತ್ರ ಕಾಣುತ್ತದೆ. ವ್ಯಾಪಾರದ ಗಲ್ಲೆಯಲ್ಲಿ ಕುಳಿತಿರುವುದು ರೊಸೊಬೊರಾನ್‌ಎಕ್ಸ್‌ಪೋರ್ಟ್ ಎಂಬ, ಸಂಪೂರ್ಣವಾಗಿ ರಷ್ಯಾ ಸರ್ಕಾರದ ಹಿಡಿತದಲ್ಲಿರುವ ವ್ಯಾಪಾರಿ ಕಂಪನಿ. ಅದು ಬಂದೂಕನ್ನಾಗಲಿ ಹಡಗನ್ನಾಗಲಿ ತಾನೇ ತಯಾರಿಸುವುದಿಲ್ಲ. ತಯಾರಕರಿಗೂ ವಿದೇಶಿ ಸರ್ಕಾರಗಳಿಗೂ ನಡುವೆ ನಿಂತು ದರ ಕುದುರಿಸುವುದು, ಕರಾರು ಮಾಡಿಕೊಳ್ಳುವುದು, ಹಣ ಪಡೆಯುವುದು, ಸರಕು ತಲುಪಿಸುವುದು ಅದರ ಕೆಲಸ. ಇಂಥ ಕಂಪನಿಯ ಸ್ವರೂಪವನ್ನು ಅರ್ಥಮಾಡಿಕೊಳ್ಳದೆ ವಿಕ್ರಮಾದಿತ್ಯದ ಬೆಲೆ ಯಾಕೆ ಎರಡು ಪಟ್ಟಿಗಿಂತ ಹೆಚ್ಚಾಯಿತು ಎಂಬುದು ಅರ್ಥವಾಗುವುದಿಲ್ಲ. ರಕ್ಷಣಾ ಸಾಮಗ್ರಿ ಮಾರುವ ದೇಶವಾಗಲು ಹೊರಟಿರುವ ಭಾರತ ಯಾವ ದಾರಿ ಹಿಡಿಯಬೇಕು ಎಂಬ ಚರ್ಚೆಯೂ ಬರಿಯ ಘೋಷಣೆಯಾಗಿ ಉಳಿಯುತ್ತದೆ.

ಸೋವಿಯತ್ ಕಾಲದಲ್ಲಿ ಶಸ್ತ್ರಾಸ್ತ್ರ ಮಾರಾಟ ನೇರವಾಗಿ ಸರ್ಕಾರದ ಇಲಾಖೆಯೊಂದರ ಕೆಲಸವಾಗಿತ್ತು. ಭಾರತಕ್ಕೆ ಅದು ಅನುಕೂಲಕರವೂ ಆಗಿತ್ತು: ದೀರ್ಘಾವಧಿಯ ಸಾಲ, ಕಡಿಮೆ ಬಡ್ಡಿ, ಡಾಲರಿನ ಬದಲು ರೂಪಾಯಿಯ ಲೆಕ್ಕ, ತೀರುವಳಿಗೆ ಚಹಾಪುಡಿ, ಬಟ್ಟೆಬರೆಯ ರಫ್ತು. ವಿದೇಶಿ ವಿನಿಮಯದ ಬರ ಇದ್ದ ದೇಶಕ್ಕೆ ಇದಕ್ಕಿಂತ ಒಳ್ಳೆಯ ಅಂಗಡಿ ಬೇರೆ ಇರಲಿಲ್ಲ. 1991ರಲ್ಲಿ ಆ ಅಂಗಡಿಯೇ ಕುಸಿದಾಗ ಉಳಿದ ಸಾಲವನ್ನು ಯಾವ ವಿನಿಮಯ ದರದಲ್ಲಿ ಲೆಕ್ಕ ಹಾಕಬೇಕು ಎಂಬ ತಕರಾರು ಎದ್ದು, 1993ರಲ್ಲಿ ಎರಡೂ ದೇಶಗಳು ಒಂದು ಒಪ್ಪಂದಕ್ಕೆ ಬಂದವು. ಅದರ ಪ್ರಕಾರ ಸಾಲದ ಒಂದು ಭಾಗವನ್ನು ಬಡ್ಡಿಯಿಲ್ಲದೆ 45 ವರ್ಷಗಳಲ್ಲಿ ತೀರಿಸಬೇಕು. ಅಂದರೆ, ಆ ಕಾಲದ ಯಂತ್ರಗಳು ಕಡಲತೀರದಲ್ಲಿ ಮಕ್ಕಳ ಫೋಟೊಗೆ ನಿಂತ ಮೇಲೂ ಆ ಕಾಲದ ಖಾತೆ ಪೂರ್ತಿ ಮುಚ್ಚಿರುವುದಿಲ್ಲ.

ಒಕ್ಕೂಟ ಒಡೆದ ಮೇಲೆ ರಷ್ಯಾದಲ್ಲಿ ಶಸ್ತ್ರಾಸ್ತ್ರ ರಫ್ತಿಗೆ ಒಂದಕ್ಕಿಂತ ಹೆಚ್ಚು ಸರ್ಕಾರಿ ಸಂಸ್ಥೆಗಳು ಹುಟ್ಟಿಕೊಂಡವು. 1993ರಲ್ಲಿ ರೊಸ್‌ವೊರುಝೆನಿಯೆ, ಆಮೇಲೆ ಪ್ರೊಮ್‌ಎಕ್ಸ್‌ಪೋರ್ಟ್. ಇವು ಒಂದೇ ಗಿರಾಕಿಯ ಎದುರು ಪರಸ್ಪರ ಪೈಪೋಟಿಗೆ ನಿಲ್ಲುವ ಪರಿಸ್ಥಿತಿಯೂ ಇತ್ತು. ಕೆಲವು ದೊಡ್ಡ ಕಾರ್ಖಾನೆಗಳಿಗೆ ತಾವೇ ನೇರವಾಗಿ ಮಾರುವ ಹಕ್ಕೂ ಇತ್ತು. ವ್ಲಾದಿಮಿರ್ ಪುಟಿನ್ ಅಧ್ಯಕ್ಷರಾದ ವರ್ಷವೇ, 2000ದ ನವೆಂಬರಿನಲ್ಲಿ, ಈ ಎರಡನ್ನೂ ಕೂಡಿಸಿ ರೊಸೊಬೊರಾನ್‌ಎಕ್ಸ್‌ಪೋರ್ಟ್ ಮಾಡಿದರು. 2007ರಲ್ಲಿ ಇನ್ನೊಂದು ಆದೇಶ ಬಂದು, ಪೂರ್ಣ ಸಿದ್ಧಗೊಂಡ ಸೇನಾ ಸಾಮಗ್ರಿಯನ್ನು ಹೊರದೇಶಕ್ಕೆ ಮಾರುವ ಹಕ್ಕು ಈ ಒಂದೇ ಸಂಸ್ಥೆಯ ಪಾಲಾಯಿತು. ತಯಾರಕರಲ್ಲಿ ಕೆಲವರಿಗೆ ಬಿಡಿಭಾಗ ಪೂರೈಕೆ ಮತ್ತು ದುರಸ್ತಿಯ ಅನುಮತಿ ಮಾತ್ರ ಉಳಿಯಿತು. ಅದೇ ವರ್ಷದ ಕೊನೆಗೆ ರೊಸ್ಟೆಕ್ ಎಂಬ ಮಹಾ ಸರ್ಕಾರಿ ನಿಗಮ ರೂಪುಗೊಂಡಾಗ ಈ ವ್ಯಾಪಾರಿ ಸಂಸ್ಥೆಯೂ ಅದರ ಕೊಡೆಯ ಕೆಳಗೆ ಸೇರಿತು. 2004ರಿಂದ 2007ರವರೆಗೆ ಈ ಕಂಪನಿಯನ್ನು ನಡೆಸಿದ್ದ ಸೆರ್ಗೆಯ್ ಚೆಮೆಜೊವ್ ಅವರೇ ನಿಗಮದ ಮುಖ್ಯಸ್ಥರಾದರು.

ಇದು ನಮ್ಮ ಜಿಲ್ಲೆಯವರಿಗೆ ತೀರಾ ಅಪರಿಚಿತ ವ್ಯವಸ್ಥೆಯೇನಲ್ಲ. ಶಿರಸಿಯಲ್ಲಿ 1923ರಷ್ಟು ಹಿಂದೆಯೇ ತೋಟಗಾರರು ಅಡಿಕೆ ಮಾರಾಟಕ್ಕೆ ತಮ್ಮದೇ ಸಹಕಾರ ಸೊಸೈಟಿ ಕಟ್ಟಿಕೊಂಡದ್ದು ದಲಾಲಿಗಳ ಕೈಯಿಂದ ಪಾರಾಗುವುದಕ್ಕಾಗಿ. ಆದರೆ ಸೊಸೈಟಿಗೆ ಹಾಕುವುದೋ ಖಾಸಗಿ ಮಂಡಿಗೆ ಹಾಕುವುದೋ ಎಂಬ ಆಯ್ಕೆ ಬೆಳೆಗಾರನಿಗೆ ಇದೆ. ಆ ಆಯ್ಕೆ ಇರುವುದರಿಂದಲೇ ಟೆಂಡರಿನ ದರ ಸರಿಯಾದ ಜಾಗದಲ್ಲಿ ನಿಲ್ಲುತ್ತದೆ. ಎಲ್ಲ ಬೆಳೆಗಾರರೂ ಒಂದೇ ಕಡೆ ಹಾಕಬೇಕು, ಖರೀದಿದಾರ ತೋಟಕ್ಕೆ ಹೋಗಿ ಮಾತಾಡುವಂತಿಲ್ಲ, ದರವನ್ನು ಗಲ್ಲೆಯಲ್ಲಿ ಕುಳಿತವನೇ ಹೇಳುತ್ತಾನೆ ಎಂದು ಕಾನೂನು ಮಾಡಿದರೆ ಏನಾಗುತ್ತದೋ ರಷ್ಯಾ ಮಾಡಿದ್ದು ಅದನ್ನು. ಹೋಲಿಕೆ ಇಷ್ಟಕ್ಕೇ ಸಾಕು; ಅಡಿಕೆ ಕೊಂಡವನಿಗೂ ಮಾರಿದವನಿಗೂ ಸಂಬಂಧ ಚೀಲ ಎತ್ತಿದ ದಿನ ಮುಗಿಯುತ್ತದೆ, ಹಡಗಿನ ಸಂಬಂಧ ಅಲ್ಲಿಂದ ಶುರುವಾಗುತ್ತದೆ.

ಖರೀದಿಸುವ ಸರ್ಕಾರಗಳಿಗೂ ಇಂಥ ಗಲ್ಲೆ ಆಕರ್ಷಕವಾಗಿ ಕಾಣುವುದಕ್ಕೆ ಕಾರಣಗಳಿವೆ. ಭಾರತದ ಮಟ್ಟಿಗೆ ಆ ಕಾರಣದ ಹೆಸರು ಬೊಫೋರ್ಸ್. 1986ರ ಫಿರಂಗಿ ಖರೀದಿಯಲ್ಲಿ ಮಧ್ಯವರ್ತಿಗಳಿಗೆ ಹಣ ಸಂದಿದೆ ಎಂದು 1987ರಲ್ಲಿ ಸ್ವೀಡನ್ನಿನ ರೇಡಿಯೊ ಹೇಳಿದಂದಿನಿಂದ ದೆಹಲಿಯ ರಕ್ಷಣಾ ಖರೀದಿ ವ್ಯವಸ್ಥೆಗೆ ಏಜೆಂಟ್ ಎಂಬ ಪದವೇ ಭಯ ಹುಟ್ಟಿಸುವಂತಾಯಿತು. ಮಾರುವವರು ಸರ್ಕಾರದವರೇ ಆಗಿದ್ದರೆ ನಡುವೆ ದಲಾಲಿ ಇರುವುದಿಲ್ಲ, ಎರಡು ಸರ್ಕಾರಗಳ ನಡುವಿನ ಒಪ್ಪಂದವೆಂದು ಬರೆದುಕೊಂಡರೆ ಬಹಿರಂಗ ಟೆಂಡರಿನ ರಗಳೆಯೂ ಇಲ್ಲ, ನಾಳೆ ತನಿಖೆ ಬಂದರೂ ಕಡತ ಶುದ್ಧವಾಗಿರುತ್ತದೆ ಎಂಬ ಭಾವನೆ ಅಧಿಕಾರಿಗಳಲ್ಲಿ ಬೇರೂರಿತು. ಅದರಲ್ಲಿ ಸತ್ಯಾಂಶ ಇಲ್ಲವೆಂದಲ್ಲ. ಆದರೆ ಸರ್ಕಾರಿ ವ್ಯಾಪಾರಿ ಸಂಸ್ಥೆಯೂ ತನ್ನ ಕಮಿಷನ್ ತೆಗೆದುಕೊಳ್ಳುತ್ತದೆ. ಅದು ಕಾನೂನುಬದ್ಧ, ರಸೀದಿ ಇರುವ ಕಮಿಷನ್, ಅಷ್ಟೇ ವ್ಯತ್ಯಾಸ. ಮತ್ತು ಒಬ್ಬನೇ ಮಾರಾಟಗಾರ ಇರುವಲ್ಲಿ ದರ ಸರಿಯೇ ಎಂದು ಅಳೆಯುವುದಕ್ಕೆ ಎರಡನೆಯ ತಕ್ಕಡಿ ಇರುವುದಿಲ್ಲ.

ವಿಕ್ರಮಾದಿತ್ಯದ ಕಥೆ ಇಲ್ಲಿಯೇ ಬರುತ್ತದೆ, ಮತ್ತು ಅದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಅಗತ್ಯ. 1987ರಲ್ಲಿ ಬಾಕು ಎಂಬ ಹೆಸರಿನಲ್ಲಿ ಸೋವಿಯತ್ ನೌಕಾಪಡೆ ಸೇರಿದ್ದ ಈ ಹಡಗು ಆಮೇಲೆ ಅಡ್ಮಿರಲ್ ಗೋರ್ಷ್‌ಕೊವ್ ಆಯಿತು. 1994ರಲ್ಲಿ ಬಾಯ್ಲರ್ ಕೋಣೆಯಲ್ಲಿ ಸ್ಫೋಟವಾಗಿ, ದುರಸ್ತಿಗೂ ನಿರ್ವಹಣೆಗೂ ರಷ್ಯಾದ ಕೈಯಲ್ಲಿ ಕಾಸಿಲ್ಲದೆ 1996ರಲ್ಲಿ ಸೇವೆಯಿಂದ ಹೊರಬಿತ್ತು. ಭಾರತಕ್ಕೆ ಆಗ ವಿಮಾನವಾಹಕ ನೌಕೆಯ ತುರ್ತು ಇತ್ತು: ಹಳೆಯ ವಿಕ್ರಾಂತ್ 1997ರಲ್ಲಿ ನಿವೃತ್ತವಾಗಿತ್ತು, ವಿರಾಟ್‌ಗೆ ವಯಸ್ಸಾಗುತ್ತಿತ್ತು, ಸ್ವದೇಶಿ ನೌಕೆ ಕಾಗದದ ಮೇಲಿತ್ತು. ವರ್ಷಗಟ್ಟಲೆ ನಡೆದ ಮಾತುಕತೆಯ ಬಳಿಕ 2004ರ ಜನವರಿ 20ರಂದು ಕರಾರಾಯಿತು. ಹಡಗಿನ ಒಡಲು ಉಚಿತ. ಅದನ್ನು ಪೂರ್ಣ ಪ್ರಮಾಣದ ವಿಮಾನವಾಹಕ ನೌಕೆಯಾಗಿ ಮಾರ್ಪಡಿಸುವುದಕ್ಕೆ 97.4 ಕೋಟಿ ಡಾಲರ್, ಹಸ್ತಾಂತರ 2008ರಲ್ಲಿ. ಉಚಿತ ಎಂಬ ಪದ ಅಂದಿನ ಪತ್ರಿಕೆಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಬಂದಿತ್ತು.

ಕೆಲಸ ವಹಿಸಿಕೊಂಡದ್ದು ರಷ್ಯಾದ ಉತ್ತರದಲ್ಲಿ ಬಿಳಿಸಮುದ್ರದ ದಂಡೆಯ ಸೆವೆರೊದ್ವಿನ್ಸ್ಕ್ ಪಟ್ಟಣದ ಸೇವ್‌ಮಾಷ್ ಕಾರ್ಖಾನೆ. ಅಣುಶಕ್ತಿ ಚಾಲಿತ ಜಲಾಂತರ್ಗಾಮಿಗಳನ್ನು ಕಟ್ಟುವುದರಲ್ಲಿ ಅದರ ಹೆಸರು ದೊಡ್ಡದು. ವಿಮಾನವಾಹಕ ನೌಕೆಯ ಅನುಭವ ಅದಕ್ಕಿರಲಿಲ್ಲ. ಸೋವಿಯತ್ ಕಾಲದಲ್ಲಿ ಇಂಥ ಹಡಗುಗಳನ್ನು ಕಟ್ಟುತ್ತಿದ್ದ ಹಡಗುಕಟ್ಟೆ ಮಿಕೊಲಾಯಿವ್‌ನಲ್ಲಿದ್ದು, ಅದು ಆಗಲೇ ಬೇರೆ ದೇಶವಾಗಿದ್ದ ಉಕ್ರೇನಿಗೆ ಸೇರಿತ್ತು. ಕವಚ ಬಿಚ್ಚಿದ ಮೇಲೆ ಒಳಗಿನ ಕೆಲಸದ ನಿಜವಾದ ಗಾತ್ರ ಕಾಣಿಸಿಕೊಂಡಿತು. ಕೊನೆಗೆ ಹಡಗಿನ 2,500 ಕೋಣೆಗಳಲ್ಲಿ 1,750ನ್ನು ಹೊಸದಾಗಿಯೇ ಕಟ್ಟಬೇಕಾಯಿತು, 2,300 ಕಿಲೋಮೀಟರಿನಷ್ಟು ಹೊಸ ಕೇಬಲ್ ಎಳೆಯಬೇಕಾಯಿತು. ಹಳೆಯ ಮನೆಯ ಹಂಚು ಬದಲಿಸಲು ಹೋಗಿ ಪಕಾಸು ಜಂತಿಯನ್ನೆಲ್ಲ ಕಳಚಿಟ್ಟವರಿಗೆ ಈ ಅನುಭವ ಹೊಸದಲ್ಲ. 2007ರಲ್ಲಿ ರಷ್ಯಾ ಹೆಚ್ಚುವರಿ ಹಣ ಕೇಳಿತು. ಕೇಳಿದ್ದು ಮೂಲ ಕರಾರಿನ ಮೊತ್ತಕ್ಕಿಂತಲೂ ಹೆಚ್ಚು. ಆ ವರ್ಷವೇ ಸೇವ್‌ಮಾಷ್‌ನ ಮುಖ್ಯಸ್ಥರು ಹುದ್ದೆ ಕಳೆದುಕೊಂಡರು. ಬಿಲ್ಲು ಮಾತ್ರ ಕಡಿಮೆಯಾಗಲಿಲ್ಲ.

ಖಾಸಗಿ ಕಂಪನಿಯ ಜೊತೆ ನಿಗದಿತ ಮೊತ್ತದ ಕರಾರು ಆಗಿದ್ದರೆ ಆಗ ಭಾರತ ಏನು ಮಾಡಬಹುದಿತ್ತು? ದಂಡ ವಿಧಿಸಬಹುದಿತ್ತು, ಮಧ್ಯಸ್ಥಿಕೆ ನ್ಯಾಯಮಂಡಳಿಗೆ ಹೋಗಬಹುದಿತ್ತು, ಆ ಕಂಪನಿಯನ್ನು ಕಪ್ಪುಪಟ್ಟಿಗೆ ಸೇರಿಸಬಹುದಿತ್ತು. ಇಲ್ಲಿ ಎದುರಿಗಿದ್ದದ್ದು ಕಂಪನಿಯ ಮುಖವಾಡ ತೊಟ್ಟ ಒಂದು ದೇಶ. ಅದೇ ದೇಶದಿಂದ ಅಣುಶಕ್ತಿ ಜಲಾಂತರ್ಗಾಮಿಯನ್ನು ಗುತ್ತಿಗೆಗೆ ಪಡೆಯುವ ಮಾತುಕತೆ ನಡೆದಿತ್ತು, ಸುಖೋಯ್ ವಿಮಾನಗಳು ನಾಸಿಕದಲ್ಲಿ ತಯಾರಾಗುತ್ತಿದ್ದವು, ಭದ್ರತಾ ಮಂಡಳಿಯಲ್ಲಿ ಅದರ ಮತ ಬೇಕಿತ್ತು. ಕರಾರಿನ ಷರತ್ತುಗಳ ಬಲ ಎಷ್ಟೇ ಇರಲಿ, ಅವನ್ನು ಪ್ರಯೋಗಿಸುವ ಬಲ ಖರೀದಿದಾರನ ಕೈಯಲ್ಲಿ ಉಳಿದಿರಲಿಲ್ಲ. 2009ರಲ್ಲಿ ಸರ್ಕಾರದ ಲೆಕ್ಕಪತ್ರ ತಪಾಸಿಸುವ ಮಹಾಲೇಖಪಾಲರು (ಸಿಎಜಿ), ಸೀಮಿತ ಆಯುಸ್ಸಿನ ಹಳೆಯ ಹಡಗಿಗೆ ಹೊಸದಕ್ಕಿಂತ ಗಣನೀಯವಾಗಿ ಹೆಚ್ಚು ಹಣ ತೆರುತ್ತಿದ್ದೇವೆ ಎಂಬರ್ಥದ ಕಟು ಟಿಪ್ಪಣಿ ಬರೆದರು. 2010ರ ಮಾರ್ಚಿನಲ್ಲಿ ಪುಟಿನ್ ದೆಹಲಿಗೆ ಬಂದಾಗ ಸುಮಾರು 235 ಕೋಟಿ ಡಾಲರಿಗೆ ಪರಿಷ್ಕೃತ ಒಪ್ಪಂದವಾಯಿತು. ಸರ್ಕಾರಿ ವ್ಯಾಪಾರಿ ಸಂಸ್ಥೆಯ ಜೊತೆ ಮಾಡುವ ಕರಾರಿಗೂ ಇತರ ಕರಾರಿಗೂ ಇರುವ ಮೂಲ ವ್ಯತ್ಯಾಸ ಇದೇ ಎಂದು ನನಗನ್ನಿಸುತ್ತದೆ: ವಾಣಿಜ್ಯದ ತಕರಾರು ಯಾವ ಕ್ಷಣದಲ್ಲಿ ರಾಜತಾಂತ್ರಿಕ ತಕರಾರಾಗುತ್ತದೆ ಎಂಬುದನ್ನು ಖರೀದಿಸುವವನು ನಿರ್ಧರಿಸುವುದಿಲ್ಲ.

ತಾಪತ್ರಯ ಅಲ್ಲಿಗೆ ನಿಲ್ಲಲಿಲ್ಲ. 2012ರ ಸಮುದ್ರ ಪರೀಕ್ಷೆಯಲ್ಲಿ ಹಡಗನ್ನು ಪೂರ್ಣ ವೇಗದಲ್ಲಿ ಓಡಿಸಿದಾಗ ಬಾಯ್ಲರುಗಳ ಶಾಖನಿರೋಧಕ ಇಟ್ಟಿಗೆಗಳು ಕೈಕೊಟ್ಟು, ಎಂಟರಲ್ಲಿ ಏಳು ಬಾಯ್ಲರುಗಳು ದುರಸ್ತಿಗೆ ಬಂದವು. ಆರೋಗ್ಯಕ್ಕೆ ಅಪಾಯಕಾರಿಯಾದ ಕಲ್ನಾರು ಬೇಡವೆಂದು ಭಾರತ ಹೇಳಿದ್ದರಿಂದ ಹೀಗಾಯಿತು ಎಂಬ ವಾದ ಆ ಕಡೆಯಿಂದ ಬಂತು. ಅಂತೂ ಐದು ವರ್ಷ ತಡವಾಗಿ, 2013ರ ನವೆಂಬರ್ 16ರಂದು, ಸೆವೆರೊದ್ವಿನ್ಸ್ಕ್‌ನ ಚಳಿಯಲ್ಲಿ ರಕ್ಷಣಾ ಸಚಿವ ಎ.ಕೆ. ಆಂಟನಿ ಅದನ್ನು ನೌಕಾಪಡೆಗೆ ಸೇರಿಸಿದರು. ಅದಕ್ಕಾಗಿ ಕೊಂಡ 45 ಮಿಗ್-29ಕೆ ವಿಮಾನಗಳದ್ದು ಇನ್ನೊಂದು ವ್ಯಥೆ. 2010ರಿಂದ ಸೇವೆಗೆ ಬಂದ ಇವುಗಳ 65 ಎಂಜಿನುಗಳಲ್ಲಿ 40ನ್ನು ದೋಷದ ಕಾರಣಕ್ಕೆ ಹಿಂತೆಗೆಯಬೇಕಾಯಿತು ಎಂದೂ, ಒಂದು ಆಸನದ ವಿಮಾನಗಳ ಸೇವಾಲಭ್ಯತೆ ಶೇ. 15.93ರಿಂದ 37.63ರ ನಡುವೆ ಇತ್ತೆಂದೂ ಮಹಾಲೇಖಪಾಲರ 2016ರ ವರದಿ ದಾಖಲಿಸಿತು. ಸರಳವಾಗಿ ಹೇಳುವುದಾದರೆ, ಹತ್ತರಲ್ಲಿ ನಾಲ್ಕು ವಿಮಾನಗಳೂ ಹಾರುವ ಸ್ಥಿತಿಯಲ್ಲಿರಲಿಲ್ಲ. 2025ರ ಏಪ್ರಿಲಿನಲ್ಲಿ ಫ್ರಾನ್ಸಿನಿಂದ 26 ನೌಕಾ ರಫೇಲ್ ವಿಮಾನಗಳಿಗೆ ಸುಮಾರು 63,000 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡದ್ದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಅದೂ ಎರಡು ಸರ್ಕಾರಗಳ ನಡುವಿನ ಒಪ್ಪಂದವೇ. ಆದರೆ ಅಲ್ಲಿ ಕಟ್ಟುವವರೂ ಮಾರುವವರೂ ಒಬ್ಬರೇ, ಕೆಟ್ಟರೆ ಕೇಳಬೇಕಾದ ವಿಳಾಸ ಒಂದೇ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ನ್ಯಾಯವಾಗಿ ಒಪ್ಪಿಕೊಳ್ಳಬೇಕು. 44,500 ಟನ್ನಿನ ವಿಮಾನವಾಹಕ ನೌಕೆಯನ್ನು ಭಾರತಕ್ಕೆ ಮಾರಲು ಆಗ ಮುಂದೆ ಬಂದವರು ಬೇರೆ ಯಾರಿದ್ದರು? ಬ್ರಹ್ಮೋಸ್ ಕ್ಷಿಪಣಿಗೆ 1998ರಲ್ಲಿ ಕೈಜೋಡಿಸಿದ ದೇಶ, ಅಣುಶಕ್ತಿ ಜಲಾಂತರ್ಗಾಮಿಯನ್ನು ಗುತ್ತಿಗೆಗೆ ಕೊಟ್ಟ ದೇಶ ಒಂದೇ. ಬೇರೆ ಅಂಗಡಿಗಳು ಬಾಗಿಲು ಹಾಕಿಕೊಂಡಿದ್ದಾಗ ತೆರೆದಿದ್ದ ಅಂಗಡಿ ದುಬಾರಿಯೆಂದು ಬೈಯುವ ಹಕ್ಕು ಗಿರಾಕಿಗೆ ಇದ್ದೇ ಇದೆ. ಅಲ್ಲಿಗೆ ಹೋದದ್ದು ತಪ್ಪೆಂದು ಹೇಳುವುದು ಮಾತ್ರ ಕಷ್ಟ.

ತುಶಿಲ್ ಹಡಗಿನ ಹುಟ್ಟು ಇನ್ನೂ ವಿಚಿತ್ರ. ಬಾಲ್ಟಿಕ್ ದಂಡೆಯ ಕಲಿನಿನ್‌ಗ್ರಾದ್‌ನಲ್ಲಿರುವ ಯಾಂತರ್ ಹಡಗುಕಟ್ಟೆಯಲ್ಲಿ ರಷ್ಯಾ ತನ್ನದೇ ಕಪ್ಪುಸಮುದ್ರದ ನೌಕಾದಳಕ್ಕಾಗಿ ಫ್ರಿಗೇಟ್ ಎಂಬ ಮಧ್ಯಮ ಗಾತ್ರದ ಯುದ್ಧನೌಕೆಗಳ ಸರಣಿಯೊಂದನ್ನು ಕಟ್ಟುತ್ತಿತ್ತು. ಅವುಗಳ ಗ್ಯಾಸ್ ಟರ್ಬೈನ್ ಎಂಜಿನುಗಳು ಬರಬೇಕಾಗಿದ್ದದ್ದು ಉಕ್ರೇನಿನ ಮಿಕೊಲಾಯಿವ್‌ನ ಝೊರ್ಯಾ-ಮಾಷ್‌ಪ್ರೊಯೆಕ್ಟ್ ಕಾರ್ಖಾನೆಯಿಂದ. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ಸೇರಿಸಿಕೊಂಡ ಮೇಲೆ ಉಕ್ರೇನ್ ಎಂಜಿನು ಕೊಡುವುದನ್ನು ನಿಲ್ಲಿಸಿತು. ಒಡಲು ಇದೆ, ಹೃದಯ ಇಲ್ಲ. ಆಗ ಖರೀದಿದಾರನಾಗಿ ಬಂದ ಭಾರತ ಒಡಲನ್ನು ರಷ್ಯಾದಿಂದ ಕೊಂಡು, ಎಂಜಿನುಗಳನ್ನು ಉಕ್ರೇನಿನಿಂದ ತಾನೇ ಕೊಂಡು, ಯಾಂತರ್‌ಗೆ ತಲುಪಿಸಿತು. ಪರಸ್ಪರ ಯುದ್ಧದಲ್ಲಿರುವ ಎರಡು ದೇಶಗಳ ಕೈಕೆಲಸ ಒಂದೇ ಹಡಗಿನಲ್ಲಿ ಸೇರಿ 2024ರ ಡಿಸೆಂಬರಿನಲ್ಲಿ ತುಶಿಲ್ ಆಗಿ, 2025ರ ಜುಲೈಯಲ್ಲಿ ತಮಾಲ್ ಆಗಿ ಭಾರತದ ಧ್ವಜ ಹಾರಿಸಿದವು. ತಮಾಲ್ ವಿದೇಶದಲ್ಲಿ ಕಟ್ಟಿಸಿದ ಕೊನೆಯ ಯುದ್ಧನೌಕೆಯೆಂದು ನೌಕಾಪಡೆ ಹೇಳಿಕೊಂಡಿದೆ. ಒಂದೇ ಗಲ್ಲೆಯಲ್ಲಿ ಎಲ್ಲ ಸಿಗುತ್ತದೆ ಎಂಬ ಮಾತು ಇಲ್ಲಿ ಪೂರ್ತಿ ಬಿದ್ದುಹೋಯಿತು. ಅಂಗಡಿಯವನು ಪಕ್ಕದ ಮನೆಯವನ ಜೊತೆ ಜಗಳ ಮಾಡಿಕೊಂಡದ್ದಕ್ಕೆ ಗಿರಾಕಿಯೇ ಚೀಲ ಹಿಡಿದು ಎರಡೂ ಮನೆಗೆ ಓಡಾಡಬೇಕಾಯಿತು.

ಆ ಗಲ್ಲೆಯ ಮೇಲೆಯೇ ಇನ್ನೊಂದು ಬೀಗವೂ ಬಿದ್ದಿದೆ. ಅಮೆರಿಕ 2017ರಲ್ಲಿ ಕಾಟ್ಸಾ ಎಂದು ಕರೆಯಲಾಗುವ ನಿರ್ಬಂಧ ಕಾಯ್ದೆ ತಂದು, 2018ರ ಏಪ್ರಿಲಿನಲ್ಲಿ ರೊಸೊಬೊರಾನ್‌ಎಕ್ಸ್‌ಪೋರ್ಟ್ ಅನ್ನು ತನ್ನ ನಿರ್ಬಂಧಿತರ ಪಟ್ಟಿಗೆ ಸೇರಿಸಿತು. ಅದರ ಜೊತೆ ದೊಡ್ಡ ವ್ಯವಹಾರ ಮಾಡಿದ ತಪ್ಪಿಗೆ 2018ರಲ್ಲಿ ಚೀನಾದ ಸೇನಾ ಖರೀದಿ ಇಲಾಖೆಯೂ 2020ರಲ್ಲಿ ಟರ್ಕಿಯ ರಕ್ಷಣಾ ಉದ್ಯಮ ಸಂಸ್ಥೆಯೂ ಶಿಕ್ಷೆ ಅನುಭವಿಸಿದವು. ಭಾರತ 2018ರ ಅಕ್ಟೋಬರಿನಲ್ಲಿ 543 ಕೋಟಿ ಡಾಲರಿಗೆ ಎಸ್-400 ವಾಯುರಕ್ಷಣಾ ವ್ಯವಸ್ಥೆಯ ಕರಾರು ಮಾಡಿಕೊಂಡರೂ ಆ ಶಿಕ್ಷೆಯಿಂದ ಇದುವರೆಗೆ ಪಾರಾಗಿದೆ. ಆದರೆ ನಿರ್ಬಂಧ ನೇರವಾಗಿ ತಟ್ಟದಿದ್ದರೂ ಬ್ಯಾಂಕುಗಳ ಮೂಲಕ ತಟ್ಟುತ್ತದೆ. ಡಾಲರಿನಲ್ಲಿ ಪಾವತಿಸುವ ದಾರಿ ಮುಚ್ಚಿತು, ರೂಪಾಯಿ-ರೂಬಲ್ ವ್ಯವಸ್ಥೆಗೆ ಮರಳಬೇಕಾಯಿತು, 2022ರ ಯುದ್ಧದ ಬಳಿಕ ಅದೂ ತೊಡಕಾಯಿತು. 2023ರಲ್ಲಿ ರಷ್ಯಾದಿಂದ ಬರಬೇಕಾದ ದೊಡ್ಡದೊಂದು ಪೂರೈಕೆ ಬರಲಾರದೆಂದು ವಾಯುಪಡೆ ಅದೇ ವರ್ಷದ ಮಾರ್ಚಿನಲ್ಲಿ ಸಂಸದೀಯ ಸಮಿತಿಯ ಮುಂದೆಯೇ ಹೇಳಿತು. ಕಾರ್ಖಾನೆಯೊಂದರ ಮೇಲೆ ನಿರ್ಬಂಧ ಬಿದ್ದರೆ ಆ ಕಾರ್ಖಾನೆಯ ಸರಕಿಗೆ ಮಾತ್ರ ತೊಂದರೆ. ದೇಶದ ರಫ್ತನ್ನೆಲ್ಲ ಒಂದೇ ಕಂಪನಿಯ ಹೆಸರಿಗೆ ಬರೆದಿಟ್ಟಿದ್ದರೆ ಒಂದೇ ಬೀಗದಲ್ಲಿ ಎಲ್ಲಕ್ಕೂ ತೊಂದರೆ. ಸ್ಟಾಕ್‌ಹೋಮಿನ ಶಾಂತಿ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ ಭಾರತದ ಶಸ್ತ್ರಾಸ್ತ್ರ ಆಮದಿನಲ್ಲಿ ರಷ್ಯಾದ ಪಾಲು 2010-14ರಲ್ಲಿ ಶೇ. 72 ಇದ್ದದ್ದು 2015-19ರಲ್ಲಿ 55ಕ್ಕೆ, 2020-24ರಲ್ಲಿ 36ಕ್ಕೆ ಇಳಿದಿರುವುದಕ್ಕೆ ಇದೊಂದೇ ಕಾರಣವಲ್ಲ, ಆದರೆ ಸಣ್ಣ ಕಾರಣವೂ ಅಲ್ಲ.

ಇದು ರಷ್ಯಾದ ಗುಣದೋಷ ಮಾತ್ರ ಎಂದು ತಿಳಿಯಬಾರದು. ಬ್ರಿಟನ್ನಿಗೂ ಇಂಥದೇ ಒಂದು ಸರ್ಕಾರಿ ಕಂಪನಿ ಇತ್ತು, ಇಂಟರ್‌ನ್ಯಾಷನಲ್ ಮಿಲಿಟರಿ ಸರ್ವಿಸಸ್ ಎಂದು ಅದರ ಹೆಸರು. ಇರಾನಿನ ಷಾ ಆಳ್ವಿಕೆಯಲ್ಲಿ 1,500ಕ್ಕೂ ಹೆಚ್ಚು ಚೀಫ್ಟನ್ ಟ್ಯಾಂಕುಗಳಿಗೆ ಮುಂಗಡ ಹಣ ತೆಗೆದುಕೊಳ್ಳಲಾಗಿತ್ತು. 1979ರ ಕ್ರಾಂತಿಯಾದಾಗ ಅದರಲ್ಲಿ ಸುಮಾರು 185 ಮಾತ್ರ ತಲುಪಿದ್ದವು. ಉಳಿದ ಹಣದ ತಕರಾರು ನಾಲ್ಕು ದಶಕ ಎಳೆದು, 2022ರ ಮಾರ್ಚಿನಲ್ಲಿ ಬ್ರಿಟನ್ ಸುಮಾರು 39.4 ಕೋಟಿ ಪೌಂಡ್ ತೀರಿಸಿತು. ಇರಾನ್ ಹಿಡಿದಿಟ್ಟಿದ್ದ ಇಬ್ಬರು ಬ್ರಿಟಿಷ್ ಪ್ರಜೆಗಳು ಅದೇ ಹೊತ್ತಿಗೆ ಮನೆ ಸೇರಿದರು. ಎರಡಕ್ಕೂ ಸಂಬಂಧ ಇಲ್ಲವೆಂದು ಬ್ರಿಟನ್ ಹೇಳಿತು. ಕಂಪನಿಯ ಬಾಕಿ ಹೀಗೆ ದೇಶದ ಬಾಕಿಯಾಗುತ್ತದೆ.

ಈಗ ಭಾರತ ಗಲ್ಲೆಯ ಆಚೆ ಬದಿಗೆ ಹೋಗಲು ಹೊರಟಿದೆ. 2013-14ರಲ್ಲಿ 686 ಕೋಟಿ ರೂಪಾಯಿ ಇದ್ದ ರಕ್ಷಣಾ ರಫ್ತು 2024-25ರಲ್ಲಿ 23,622 ಕೋಟಿಗೆ ಮುಟ್ಟಿದೆ. ಅದರಲ್ಲಿ 15,233 ಕೋಟಿ ಖಾಸಗಿಯವರದ್ದು, 8,389 ಕೋಟಿ ಸರ್ಕಾರಿ ಕಂಪನಿಗಳದ್ದು. 2029ಕ್ಕೆ 50,000 ಕೋಟಿಯ ಗುರಿ ಇದೆ. ನಮ್ಮಲ್ಲಿ ರಷ್ಯಾದಂತೆ ಏಕೈಕ ವ್ಯಾಪಾರಿ ಸಂಸ್ಥೆ ಇಲ್ಲ. ಬೆಂಗಳೂರಿನ ಎಚ್‌ಎಎಲ್ ಮತ್ತು ಬಿಇಎಲ್, ವಾಸ್ಕೊದ ಗೋವಾ ಶಿಪ್‌ಯಾರ್ಡ್, 41 ಶಸ್ತ್ರಾಸ್ತ್ರ ಕಾರ್ಖಾನೆಗಳನ್ನು ವಿಂಗಡಿಸಿ 2021ರ ಅಕ್ಟೋಬರಿನಲ್ಲಿ ಮಾಡಿದ ಏಳು ಕಂಪನಿಗಳು, ಖಾಸಗಿ ಸಂಸ್ಥೆಗಳು, ಎಲ್ಲವೂ ತಮ್ಮ ತಮ್ಮ ಸರಕನ್ನು ತಾವೇ ಮಾರುತ್ತವೆ. ಸರ್ಕಾರ ಪರವಾನಗಿ ಕೊಡುತ್ತದೆ, ಕೆಲವು ದೇಶಗಳಿಗೆ ಸಾಲವನ್ನೂ ಒದಗಿಸುತ್ತದೆ. ಒಂದೇ ಬಾಗಿಲಿನ ರಫ್ತು ಸಂಸ್ಥೆ ನಮಗೂ ಬೇಕು ಎಂಬ ಸಲಹೆಯಲ್ಲಿ ತರ್ಕವಿದೆ, ಸಣ್ಣ ದೇಶಗಳ ಸೇನೆಗಳಿಗೆ ಹತ್ತು ಕಂಪನಿಗಳ ಜೊತೆ ಮಾತಾಡುವುದು ತ್ರಾಸದಾಯಕ. ಆದರೆ ಗಲ್ಲೆ ಎಷ್ಟಿರಬೇಕು ಎಂಬುದಕ್ಕಿಂತ ಮಾರಿದ ಮೇಲೆ ಏನು ಮಾಡುತ್ತೇವೆ ಎಂಬುದು ದೊಡ್ಡ ವಿಷಯ. ಇದಕ್ಕೆ ನಮ್ಮದೇ ಕಹಿ ಉದಾಹರಣೆ ಇದೆ: ಎಚ್‌ಎಎಲ್ ಈಕ್ವೆಡಾರ್‌ಗೆ ಮಾರಿದ ಏಳು ಧ್ರುವ ಹೆಲಿಕಾಪ್ಟರುಗಳಲ್ಲಿ ನಾಲ್ಕು ಅಪಘಾತಕ್ಕೀಡಾದವು. ಕೆಲವಕ್ಕೆ ಚಾಲಕರ ತಪ್ಪು ಕಾರಣವೆಂಬ ಉತ್ತರ ನಮ್ಮ ಬಳಿ ಇತ್ತು. ಬಿಡಿಭಾಗ ಸಕಾಲಕ್ಕೆ ಬರಲಿಲ್ಲವೆಂಬ ದೂರು ಅವರ ಬಳಿ ಇತ್ತು. 2015ರಲ್ಲಿ ಆ ದೇಶ ಕರಾರನ್ನೇ ರದ್ದು ಮಾಡಿತು. ವಿಕ್ರಮಾದಿತ್ಯದ ವಿಷಯದಲ್ಲಿ ನಾವು ಮಾಸ್ಕೋಗೆ ಹೇಳುತ್ತಿದ್ದ ಮಾತುಗಳನ್ನೇ ಈಕ್ವೆಡಾರ್ ನಮಗೆ ಹೇಳಿತು. 2022ರಲ್ಲಿ 37.5 ಕೋಟಿ ಡಾಲರಿಗೆ ಬ್ರಹ್ಮೋಸ್ ಕೊಂಡ ಫಿಲಿಪ್ಪೀನ್ಸಿಗೆ 2024ರ ಏಪ್ರಿಲಿನಲ್ಲಿ ಮೊದಲ ಕಂತು ತಲುಪಿದೆ. ಆ ವ್ಯಾಪಾರದ ನಿಜವಾದ ಪರೀಕ್ಷೆ ಇನ್ನು ಹತ್ತು ವರ್ಷದ ಮೇಲೆ, ಯಾವುದೋ ಸಣ್ಣ ಬಿಡಿಭಾಗ ಕೇಳಿ ಮನಿಲಾದಿಂದ ಪತ್ರ ಬಂದಾಗ.

ಬಿಡಿಭಾಗದ ಮಹತ್ವವನ್ನು ಬೈತಖೋಲದ ಮೀನುಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಂಗಡೆ ಬೀಳುವ ದಿನಗಳಲ್ಲಿ ಬೋಟಿನ ಎಂಜಿನು ಕೈಕೊಟ್ಟು, ಬೇಕಾದ ಸಾಮಾನು ಮಂಗಳೂರಿನಿಂದ ಬರುವಷ್ಟರಲ್ಲಿ ಮೀನು ಹೋಗಿರುತ್ತದೆ. ಅರ್ಗಾದ ಹಡಗುಗಳಿಗೆ ಸಾಮಾನು ಬರಬೇಕಾಗಿರುವುದು ಬಾಲ್ಟಿಕ್ ಸಮುದ್ರದ ದಂಡೆಯಿಂದ. ರಷ್ಯಾ ಮೂಲದ ಸಾಮಗ್ರಿಯ ಬಿಡಿಭಾಗಗಳನ್ನು ಭಾರತದಲ್ಲೇ ತಯಾರಿಸುವುದಕ್ಕೆ 2019ರ ಸೆಪ್ಟೆಂಬರಿನಲ್ಲಿ ವ್ಲಾದಿವೊಸ್ಟಾಕ್‌ನಲ್ಲಿ ಎರಡೂ ಸರ್ಕಾರಗಳು ಒಪ್ಪಂದ ಮಾಡಿಕೊಂಡದ್ದು ಈ ದೂರವನ್ನು ಕಡಿಮೆ ಮಾಡುವುದಕ್ಕಾಗಿಯೇ. ಅಮೇಠಿಯ ಕೊರ್ವಾದಲ್ಲಿ ಎಕೆ-203 ಬಂದೂಕು ತಯಾರಿಸುವ ಜಂಟಿ ಕಂಪನಿಯಲ್ಲಿ ರೊಸೊಬೊರಾನ್‌ಎಕ್ಸ್‌ಪೋರ್ಟ್ ತಾನೇ ಸಣ್ಣ ಪಾಲುದಾರನಾಗಿ ಕುಳಿತಿರುವುದು ಅದೇ ಬದಲಾವಣೆಯ ಇನ್ನೊಂದು ರೂಪ: ಸರಕು ಮಾರಲಾಗದಿದ್ದರೆ ತಯಾರಿಕೆಯ ಹಕ್ಕನ್ನಾದರೂ ಮಾರುವುದು.

ಈ ಜಿಲ್ಲೆಯ ಪಾಲಿಗೆ ಪ್ರಶ್ನೆಯ ಸ್ವರೂಪ ಬೇರೆ. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಇಲ್ಲಿಯ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. ಕದಂಬ ನೆಲೆ 2005ರ ಮೇ 31ರಂದು ಕಾರ್ಯಾರಂಭ ಮಾಡಿತು. ನಡುವೆ ಕಾರವಾರ-ಅಂಕೋಲಾ ತಾಲೂಕುಗಳ ಕಡಲಂಚಿನ 11,000 ಎಕರೆಗೂ ಹೆಚ್ಚು ಭೂಮಿ ಬೇಲಿಯೊಳಗೆ ಹೋಗಿ, ಅರ್ಗಾ, ಚೆಂಡಿಯಾ, ಹಾರವಾಡದಂಥ ಊರುಗಳಿಂದ ಸಾವಿರಾರು ಕುಟುಂಬಗಳು ಪುನರ್ವಸತಿ ಕಾಲೊನಿಗಳಿಗೆ ಎದ್ದವು. ಹೆಚ್ಚುವರಿ ಪರಿಹಾರದ ಮೊಕದ್ದಮೆಗಳು ದಶಕಗಟ್ಟಲೆ ನಡೆದವು. ಈಗಿನ ಎರಡನೆಯ ಹಂತ ಮುಗಿದರೆ 32 ಹಡಗು ಮತ್ತು ಜಲಾಂತರ್ಗಾಮಿಗಳು, 23 ಸಹಾಯಕ ನೌಕೆಗಳು ಇಲ್ಲಿ ನಿಲ್ಲುತ್ತವೆ. ಅಲಗೇರಿಯಲ್ಲಿ ವಿಮಾನ ನಿಲ್ದಾಣವೂ ಬರಲಿದೆ. ಭೂಮಿ ಕೊಟ್ಟವರ ಮಕ್ಕಳಿಗೆ ಇದರಿಂದ ಏನು ಸಿಗುತ್ತದೆ ಎಂಬುದು ದೆಹಲಿಯಲ್ಲಿ ಸಹಿಯಾಗುವ ಕರಾರುಗಳಲ್ಲಿ ಅಡಗಿದೆ ಎಂದರೆ ದೂರದ ಮಾತೆನಿಸಬಹುದು. ಆದರೆ ವಿದೇಶದಲ್ಲಿ ಕಟ್ಟಿ, ದುರಸ್ತಿಯ ಹಕ್ಕನ್ನೂ ತಯಾರಕನಲ್ಲೇ ಉಳಿಸಿಕೊಂಡ ಹಡಗು ಇಲ್ಲಿ ಬಂದು ನಿಂತರೆ ಊರಿಗೆ ದಕ್ಕುವುದು ಕಾವಲು, ಸಾಗಣೆ, ತರಕಾರಿ ಪೂರೈಕೆ, ಬಾಡಿಗೆ ಮನೆಯಷ್ಟೇ. ದುರಸ್ತಿಯ ತಾಂತ್ರಿಕ ದಾಖಲೆ ಮತ್ತು ಬಿಡಿಭಾಗ ತಯಾರಿಸುವ ಹಕ್ಕು ನಮ್ಮ ಕೈಗೆ ಬಂದರೆ ಮಾತ್ರ ಇಲ್ಲಿಯ ನೌಕಾ ದುರಸ್ತಿ ಕಟ್ಟೆಯಲ್ಲಿ ಅಪ್ರೆಂಟಿಸ್ ತರಬೇತಿ ಪಡೆಯುವ ಐಟಿಐ ಹುಡುಗರಿಗೆ ತಲೆತಲಾಂತರದ ಕಸುಬು ಸಿಗುತ್ತದೆ.

ಸದ್ಯಕ್ಕೆ ಆ ಚಿತ್ರ ಅರೆಬರೆಯಾಗಿದೆ. ಕಾರವಾರದ ಹಡಗು ಎತ್ತುವ ಯಂತ್ರದ ಸಾಮರ್ಥ್ಯ 10,000 ಟನ್. ವಿಕ್ರಮಾದಿತ್ಯ ಅದರ ನಾಲ್ಕು ಪಟ್ಟಿಗಿಂತ ಭಾರ. ಹಾಗಾಗಿ ಅದು ದೊಡ್ಡ ದುರಸ್ತಿಗೆ ಕೊಚ್ಚಿಗೇ ಹೋಗಬೇಕು, 2024ರ ನವೆಂಬರಿನಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಜೊತೆ 1,207 ಕೋಟಿ ರೂಪಾಯಿಯ ಕರಾರು ಆದದ್ದೂ ಅದಕ್ಕೇ. ಆದರೆ ಆ ಕೆಲಸ ಸೆವೆರೊದ್ವಿನ್ಸ್ಕ್‌ಗೆ ಹೋಗದೆ ಕೊಚ್ಚಿಗೆ ಬಂದದ್ದೇ ದೊಡ್ಡ ದೂರ ಕ್ರಮಿಸಿದಂತೆ. ತುಶಿಲ್‌ನ ವರ್ಗದ ಇನ್ನೆರಡು ಫ್ರಿಗೇಟುಗಳು ರಷ್ಯಾದ ತಂತ್ರಜ್ಞಾನ ಪಡೆದು ಗೋವಾ ಶಿಪ್‌ಯಾರ್ಡಿನಲ್ಲಿ, ಕಾರವಾರದಿಂದ ನೂರು ಕಿಲೋಮೀಟರಿನ ಒಳಗೆ, ತಯಾರಾಗುತ್ತಿವೆ. ತ್ರಿಪುಟ್ 2024ರ ಜುಲೈಯಲ್ಲೂ ತವಸ್ಯಾ 2025ರ ಮಾರ್ಚಿನಲ್ಲೂ ನೀರಿಗಿಳಿದಿವೆ. ತುಶಿಲ್, ತಮಾಲ್‌ಗಳಿಗೆ ಬೇಕಾಗುವ ಕವಾಟ, ಪಂಪು, ಕೇಬಲ್ಲುಗಳಲ್ಲಿ ಎಷ್ಟನ್ನು ಈ ಎರಡು ಹಡಗು ಕಟ್ಟುತ್ತ ಕಲಿತವರು ವಾಸ್ಕೊದಲ್ಲೇ ಮಾಡಿಕೊಡಬಲ್ಲರೋ ಅಷ್ಟು ಪತ್ರಗಳು ಮಾಸ್ಕೋಗೆ ಹೋಗುವುದು ತಪ್ಪುತ್ತದೆ.